ಮನೆಗೊಂದು ಹಾವು: ಕಾರ್ನ್ ಸ್ನೇಕ್ ದತ್ತು ಪಡೆಯುವವರಿಗೆ ಮಾರ್ಗದರ್ಶಿ

ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ನಾಯಿಮರಿ ಕೇಳಿದರೆ ತಂದೆತಾಯಿಗಳ ಬಳಿ ಸಿದ್ಧ ಉತ್ತರವಿರುತ್ತದೆ. ಹಾವು ಕೇಳಿದರೆ ಇರುವುದಿಲ್ಲ. ನಾಗರಪಂಚಮಿಗೆ ಕಲ್ಲಿಗೆ ತನಿ ಎರೆದು, ಹಿತ್ತಲಿನಲ್ಲಿ ನಿಜವಾದ ಹಾವು ಕಂಡರೆ ಬೀದಿಯವರನ್ನೆಲ್ಲ ಕೂಗಿ ಕರೆಯುವ ಮನೆಗಳಿಂದ ಬಂದವರು ನಾವು. ನಾನಿರುವ ಉತ್ತರ ಕೆರೊಲಿನಾದಲ್ಲಿ ಸರೀಸೃಪಗಳ ರಕ್ಷಣಾ ಕೇಂದ್ರವೊಂದಕ್ಕೆ ವಾರಾಂತ್ಯಗಳಲ್ಲಿ ಕೈಜೋಡಿಸುತ್ತೇನೆ. ಜನ ತಂದು ಒಪ್ಪಿಸಿ ಹೋಗುವ ಹಾವುಗಳಲ್ಲಿ ಬಹಳಷ್ಟು ಯಾವ ತಪ್ಪೂ ಮಾಡಿರುವುದಿಲ್ಲ. ಅವನ್ನು ಸಾಕಿದವರು ಹಾವಿನ ಮೇಲೆ ಪ್ರೀತಿ ಇಟ್ಟು ಅದರ ಗೂಡನ್ನು ಮರೆತಿರುತ್ತಾರೆ. ಹಾವಿಗೆ ನಿಮ್ಮ ಪ್ರೀತಿ ಬೇಕಿಲ್ಲ, ನೀವು ಬಂದಿರೆಂದು ಅದು ಬಾಲ ಅಲ್ಲಾಡಿಸುವುದೂ ಇಲ್ಲ. ಸರಿಯಾದ ಶಾಖ, ಅಡಗಲು ಜಾಗ, ಶುದ್ಧ ನೀರು, ಹೊತ್ತಿಗೆ ಸರಿಯಾಗಿ ಒಂದು ಇಲಿ ಸಿಕ್ಕರೆ ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ. ಆದ್ದರಿಂದ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಅಮೆರಿಕದ ಹಾವನ್ನು ಸಾಕಲು ಹೊರಟವರಿಗಾಗಿ ಬರೆದ ಈ ಬರಹದಲ್ಲಿ ಹಾವಿಗಿಂತ ಗೂಡಿನ ಮಾತೇ ಹೆಚ್ಚು.

ಮೊದಲು ಕಾನೂನು

ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ನೇರವಾಗಿ ಹೇಳುತ್ತೇನೆ: ಅಲ್ಲಿ ಹಾವು ಸಾಕುವ ಯೋಚನೆ ಬೇಡ. ನಾಗರಹಾವು, ಕೇರೆ, ಹೆಬ್ಬಾವು, ಮಂಡಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು ಅಪರಾಧ. ಅದೃಷ್ಟ ತರುತ್ತದೆಂದು ನಂಬಿಸಿ ಮಾರುವ ಮಣ್ಣುಮುಕ್ಕ ಹಾವು, ಅಂದರೆ ಎರಡು ತಲೆ ಹಾವು, ಇದೇ ಸಾಲಿನದು. ಅದನ್ನು ಸಾಗಿಸುವಾಗ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ವಿದೇಶಿ ಹಾವಾದರೆ ತೊಂದರೆಯಿಲ್ಲ ಎಂಬ ಮಾತೂ ಈಗ ನಡೆಯುವುದಿಲ್ಲ. ಅದೇ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. 2024ರ ನಿಯಮಗಳ ಪ್ರಕಾರ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಜಗತ್ತಿನ ಎಲ್ಲ ಹೆಬ್ಬಾವುಗಳೂ ಆ ಪಟ್ಟಿಯಲ್ಲಿವೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿದ್ದವು. ಇಂತಹ ದಾರಿಯಿಂದ ಬಂದ ಪ್ರಾಣಿಯನ್ನು ಕೊಂಡವನೂ ಆ ಕಳ್ಳಸಾಗಣೆಯ ಪಾಲುದಾರನೇ. ಊರಿನಲ್ಲಿ ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಗೋ ಪರಿಣತ ಹಾವು ರಕ್ಷಕರಿಗೋ ಫೋನ್ ಮಾಡಿ, ಅದು ತನ್ನ ಜಾಗಕ್ಕೆ ಹೋಗಲಿ.

ಅಮೆರಿಕದಲ್ಲಿ ಕಾನೂನು ರಾಜ್ಯಕ್ಕೊಂದು. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ, ದಂಡ ಎರಡು ಲಕ್ಷ ಡಾಲರ್‌ವರೆಗೂ ಹೋಗಬಹುದು. ಜಾರ್ಜಿಯಾದ ನಿಯಮ ವಿಚಿತ್ರ. ಅಲ್ಲಿನ ನೆಲದ ವಿಷರಹಿತ ಹಾವುಗಳನ್ನು ಸಾಕುವುದು ನಿಷಿದ್ಧ, ಕಾರ್ನ್ ಸ್ನೇಕ್ ಆ ನೆಲದ್ದೇ. ಹಾಗಾಗಿ ಅಟ್ಲಾಂಟದ ಕನ್ನಡಿಗರು ಆಫ್ರಿಕಾ ಮೂಲದ ಬಾಲ್ ಪೈಥಾನ್ ಸಾಕಬಹುದು, ತಮ್ಮ ಹಿತ್ತಲಿನಲ್ಲೇ ಓಡಾಡುವ ಕಾರ್ನ್ ಸ್ನೇಕ್ ಸಾಕುವಂತಿಲ್ಲ. ನ್ಯೂಜಿಲೆಂಡ್‌ನಲ್ಲಿ ಹಾವಿಗೆ ಪ್ರವೇಶವೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಕಾರ್ನ್ ಸ್ನೇಕ್‌ನಂತಹ ಹೊರಗಿನ ಹಾವುಗಳಿಗೆ ನಿಷೇಧವಿದೆ, ಪರವಾನಗಿ ಪಡೆದು ಅಲ್ಲಿನ ಕಾರ್ಪೆಟ್ ಪೈಥಾನ್‌ನಂತಹವನ್ನು ಸಾಕಬಹುದು. ಬ್ರಿಟನ್ನಿನಲ್ಲಿ ಕಾರ್ನ್ ಸ್ನೇಕ್‌ಗೆ ಪರವಾನಗಿ ಬೇಕಿಲ್ಲ, ವಿಷದ ಹಾವುಗಳಿಗೆ 1976ರ ಅಪಾಯಕಾರಿ ವನ್ಯಪ್ರಾಣಿಗಳ ಕಾಯ್ದೆಯಡಿ ಬೇಕು. ರಾಜ್ಯದ ನಿಯಮದ ಜೊತೆಗೆ ಊರಿನ ನಿಯಮವನ್ನೂ ನೋಡಿ. ಬಾಡಿಗೆ ಮನೆಯಾದರೆ ಕರಾರು ಪತ್ರವನ್ನು ಇನ್ನೊಮ್ಮೆ ಓದಿ, ನಾಯಿ ಬೆಕ್ಕಿಗೆ ಒಪ್ಪಿದ ಮಾಲೀಕರು ಹಾವಿಗೆ ಒಪ್ಪಿರುತ್ತಾರೆಂದು ಭಾವಿಸಬೇಡಿ.

ಮನೆಯವರೊಡನೆ ಆಗಬೇಕಾದ ಮಾತು

ಮೊದಲನೆಯದು ಇಲಿಯ ವಿಷಯ. ಹಾವಿಗೆ ಸಸ್ಯಾಹಾರವಿಲ್ಲ. ಹಾಲು, ಮೊಟ್ಟೆ, ಪನೀರ್ ಕೊಟ್ಟು ಕಾರ್ನ್ ಸ್ನೇಕ್ ಸಾಕಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಇಡೀ ಇಲಿ, ಮೂಳೆ ಕರುಳು ಸಮೇತ. ಸತ್ತು ಹೆಪ್ಪುಗಟ್ಟಿದ ಇಲಿಗಳು ಪೊಟ್ಟಣದಲ್ಲಿ ಬರುತ್ತವೆ, ಅವನ್ನು ಫ್ರೀಜರಿನಲ್ಲಿ ಇಡಬೇಕು. ಶಾಕಾಹಾರಿ ಮನೆಗಳಲ್ಲಿ ಹಾವಿಗಿಂತ ಈ ಫ್ರೀಜರೇ ದೊಡ್ಡ ಜಗಳದ ವಸ್ತು. ಗ್ಯಾರೇಜಿನಲ್ಲಿ ಒಂದು ಪುಟ್ಟ ಪ್ರತ್ಯೇಕ ಫ್ರೀಜರ್ ಇಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರ್ಧ ಮನಸ್ಸಿನದು, ಅದನ್ನು ಹಾವು ತರುವ ಮೊದಲೇ ತೀರ್ಮಾನಿಸಿಕೊಳ್ಳಿ. ಯಾರಿಗಾದರೂ ಇದು ಒಪ್ಪಿಗೆಯಿಲ್ಲದಿದ್ದರೆ ಅದು ಗೌರವಿಸಬೇಕಾದ ಕಾರಣ. ಆ ಮನೆಗೆ ಸೊಪ್ಪು ತಿನ್ನುವ ಆಮೆಯೇ ವಾಸಿ.

ಎರಡನೆಯದು ಆಯುಷ್ಯ. ಚೆನ್ನಾಗಿ ಸಾಕಿದ ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ, ಕೆಲವು ಇನ್ನೂ ಹೆಚ್ಚು. ಹನ್ನೆರಡರ ಹುಡುಗಿ ಕೇಳಿದ ಹಾವಿಗೆ ಅವಳು ಕಾಲೇಜಿಗೆ ಹೊರಟ ಮೇಲೆ ಇಲಿ ಹಾಕುವವರು ಅಪ್ಪ ಅಮ್ಮಂದಿರೇ. ಆದ್ದರಿಂದ ಮಗುವಿಗಾಗಿ ಹಾವು ಎಂಬ ಮಾತಿನಲ್ಲಿ ಹುರುಳಿಲ್ಲ, ದೊಡ್ಡವರಲ್ಲಿ ಒಬ್ಬರಾದರೂ ಅದನ್ನು ತನ್ನದೆಂದು ಒಪ್ಪಿಕೊಳ್ಳಬೇಕು.

ಆರೋಗ್ಯದ ಮಾತೂ ಇದೆ. ಸರೀಸೃಪಗಳ ಮೈಮೇಲೆ, ಮಲದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಾವು ಆರೋಗ್ಯವಾಗಿ ಕಂಡರೂ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಸರೀಸೃಪ ಬೇಡವೆಂದೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಸುತ್ತದೆ. ಊರಿನಿಂದ ಅಜ್ಜ ಅಜ್ಜಿ ಆರು ತಿಂಗಳಿಗೆ ಬರುವವರಿದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಜ್ಜಿ ಹಾವಿಗೆ ಹೆದರುತ್ತಾರೋ ಇಲ್ಲವೋ, ಆ ಕೋಣೆಯ ಬಾಗಿಲಿಗೆ ಚಿಲಕವಂತೂ ಬೇಕು.

ಯಾವ ಹಾವು, ಎಲ್ಲಿಂದ

ಮೊದಲ ಸಲ ಸಾಕುವವರಿಗೆ ನನ್ನ ಆಯ್ಕೆ ಕಾರ್ನ್ ಸ್ನೇಕ್. ಆಗ್ನೇಯ ಅಮೆರಿಕದ ಈ ಹಾವು ನಮ್ಮ ಕೇರೆಯ ಕುಟುಂಬದ್ದೇ. ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಬೆಳೆದರೆ ಮೂರರಿಂದ ಐದು ಅಡಿ, ತೂಕ ಸಾಮಾನ್ಯವಾಗಿ ಒಂದು ಕಿಲೋ ಮೀರುವುದಿಲ್ಲ. ಊಟದ ವಿಷಯದಲ್ಲಿ ತಕರಾರು ಕಡಿಮೆ, ಸ್ವಭಾವ ಮೆದು. ಬಾಲ್ ಪೈಥಾನ್ ಇನ್ನೂ ಸೌಮ್ಯ, ಹೆದರಿದರೆ ಚೆಂಡಿನಂತೆ ಸುರುಳಿ ಸುತ್ತಿ ತಲೆಯನ್ನು ನಡುವೆ ಬಚ್ಚಿಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಹೆಚ್ಚು ತೇವಾಂಶ ಬೇಕು, ಮತ್ತು ಆರೋಗ್ಯವಾಗಿದ್ದೂ ತಿಂಗಳುಗಟ್ಟಲೆ ಉಪವಾಸ ಮಾಡುವ ಅಭ್ಯಾಸವಿದೆ. ಹೊಸಬರಿಗೆ ಅದನ್ನು ಸಹಿಸುವುದು ಕಷ್ಟ. ಬಾಲ್ ಪೈಥಾನ್ ಕೊಳ್ಳುವವರು ‘ಸ್ಪೈಡರ್’ ಎಂಬ ಬಣ್ಣದ ತಳಿಯಿಂದ ದೂರವಿರಿ. ಆ ಚೆಂದದ ಬಲೆಯಂತಹ ಗೆರೆಗಳನ್ನು ಕೊಡುವ ವಂಶವಾಹಿಯೇ ಹಾವಿನ ಸಮತೋಲನವನ್ನೂ ಕೆಡಿಸುತ್ತದೆ, ತಲೆ ನಡುಗುತ್ತಲೇ ಇರುತ್ತದೆ. ದೈತ್ಯ ಗಾತ್ರಕ್ಕೆ ಬೆಳೆಯುವ ಬರ್ಮೀಸ್ ಪೈಥಾನ್, ರೆಟಿಕ್ಯುಲೇಟೆಡ್ ಪೈಥಾನ್‌ಗಳ ಹೆಸರನ್ನೇ ಎತ್ತಬೇಡಿ. ಸಾಕಲಾಗದೆ ಬಿಟ್ಟ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುನಾಡಿನಲ್ಲಿ ಏನು ಮಾಡಿವೆ ಎಂಬುದನ್ನು ಅಲ್ಲಿನವರು ಇಂದಿಗೂ ಅನುಭವಿಸುತ್ತಿದ್ದಾರೆ.

ಮರಿಗಿಂತ ವಯಸ್ಕ ಹಾವನ್ನು ದತ್ತು ಪಡೆಯುವುದು ಮೇಲು. ಮೊಟ್ಟೆಯೊಡೆದು ಬಂದ ಕಾರ್ನ್ ಸ್ನೇಕ್ ಮರಿ ಹೆಚ್ಚೆಂದರೆ ಒಂದು ಅಡಿ ಉದ್ದ, ದಪ್ಪ ಪೆನ್ಸಿಲಿಗಿಂತ ಕಡಿಮೆ. ಹೆದರಿಕೆ ಹೆಚ್ಚು, ತಪ್ಪಿಸಿಕೊಳ್ಳುವುದು ಸುಲಭ, ಕೆಲವು ಊಟ ಕಲಿಯಲು ಹಟ ಮಾಡುತ್ತವೆ. ಬೆಳೆದ ಹಾವಿನ ಸ್ವಭಾವ ಮೊದಲೇ ಗೊತ್ತಿರುತ್ತದೆ, ಅದು ಏನು ತಿನ್ನುತ್ತದೆ ಎಂಬುದಕ್ಕೆ ದಾಖಲೆ ಇರುತ್ತದೆ. ರಕ್ಷಣಾ ಕೇಂದ್ರಗಳಲ್ಲಿ ಇಂತಹ ಹಾವುಗಳು ಕಾಯುತ್ತಿರುತ್ತವೆ. ಕೇಂದ್ರದವರು ಅರ್ಜಿ ತುಂಬಿಸಿಕೊಳ್ಳುತ್ತಾರೆ, ಬಹಳ ಕಡೆ ಸಿದ್ಧಪಡಿಸಿದ ಗೂಡಿನ ಚಿತ್ರಗಳನ್ನು ಕೇಳುತ್ತಾರೆ. ಹಾಗೆ ಕೇಳದೆ ಕೊಡುವ ಜಾಗಕ್ಕಿಂತ ಕೇಳಿ ಕಾಡುವ ಜಾಗವೇ ಒಳ್ಳೆಯದು.

ಗೂಡು ಮೊದಲು, ಹಾವು ಆಮೇಲೆ

ಹಾವು ಮನೆಗೆ ಬರುವ ಕನಿಷ್ಠ ಒಂದು ವಾರ ಮುಂಚೆ ಗೂಡು ಸಿದ್ಧವಾಗಿರಬೇಕು. ಸಿದ್ಧವೆಂದರೆ ಹೀಟರು, ಅದರ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಎಲ್ಲ ಜೋಡಿಸಿ, ಖಾಲಿ ಗೂಡನ್ನು ಹಗಲು ರಾತ್ರಿ ನಡೆಸಿ, ಉಷ್ಣಾಂಶ ನಿಂತಲ್ಲಿ ನಿಂತಿದೆಯೆಂದು ಬರೆದಿಟ್ಟು ನೋಡಿರಬೇಕು. ಎಲ್ಲಕ್ಕಿಂತ ಹೆಚ್ಚು ಜನ ಹಾರಿಬಿಡುವ ಮೆಟ್ಟಿಲು ಇದೇ.

ವಯಸ್ಕ ಕಾರ್ನ್ ಸ್ನೇಕ್‌ಗೆ ಕನಿಷ್ಠ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗೂಡು ಇರಲಿ. ಹಾವು ಮೈ ಪೂರ್ತಿ ಚಾಚಿ ಮಲಗುವಷ್ಟು ಉದ್ದ ಬೇಕು. ಹಾವು ಸದಾ ಸುರುಳಿ ಸುತ್ತಿಕೊಂಡಿರುವುದರಿಂದ ಸಣ್ಣ ಪೆಟ್ಟಿಗೆ ಸಾಕೆಂಬುದು ಹಳೆಯ ನಂಬಿಕೆ. ಜಾಗ ಕೊಟ್ಟು ನೋಡಿ, ಸಂಜೆಯಾದ ಮೇಲೆ ಅದು ಹತ್ತುತ್ತದೆ, ಇಳಿಯುತ್ತದೆ, ಮೂಲೆ ಮೂಲೆ ಮೂಸುತ್ತದೆ. ಮುಂಬದಿಯಿಂದ ತೆರೆಯುವ ಬಾಗಿಲು ಮೇಲಿನ ಮುಚ್ಚಳಕ್ಕಿಂತ ಒಳ್ಳೆಯದು, ಏಕೆಂದರೆ ಮೇಲಿನಿಂದ ಇಳಿಯುವ ಕೈ ಹಾವಿಗೆ ಹದ್ದಿನಂತೆ ಕಾಣುತ್ತದೆ. ಬಾಗಿಲಿಗೆ ಬೀಗ ಕಡ್ಡಾಯ. ತಲೆ ತೂರುವ ಸಂದಿ ಸಿಕ್ಕರೆ ಕಾರ್ನ್ ಸ್ನೇಕ್ ಮೈಯನ್ನೂ ತೂರಿಸುತ್ತದೆ.

ಇನ್ನು ಶಾಖ. ಹಾವಿಗೆ ಸ್ವಂತ ಮೈಬಿಸಿ ಇಲ್ಲ. ಬಿಸಿ ಬೇಕೆನಿಸಿದಾಗ ಬಿಸಿ ಕಡೆಗೆ, ಸಾಕೆನಿಸಿದಾಗ ತಂಪಿನ ಕಡೆಗೆ ಹರಿದು ತನ್ನ ದೇಹವನ್ನು ಹದಕ್ಕೆ ತಂದುಕೊಳ್ಳುತ್ತದೆ. ಆದ್ದರಿಂದ ಇಡೀ ಗೂಡನ್ನು ಒಂದೇ ಸಮ ಬಿಸಿ ಮಾಡಿದರೆ ಅದಕ್ಕೆ ಆಯ್ಕೆಯೇ ಇರುವುದಿಲ್ಲ. ಒಂದು ತುದಿಯಲ್ಲಿ ಮೈಕಾಯಿಸುವ ಜಾಗದ ಮೇಲ್ಮೈ ಸುಮಾರು 32 ಡಿಗ್ರಿ ಸೆಲ್ಸಿಯಸ್, ಅಂದರೆ 90 ಫ್ಯಾರನ್‌ಹೀಟ್ ಇರಲಿ. ಇನ್ನೊಂದು ತುದಿ 22ರಿಂದ 25 ಡಿಗ್ರಿ, 72ರಿಂದ 77 ಫ್ಯಾರನ್‌ಹೀಟ್. ರಾತ್ರಿ 20ರ ಆಸುಪಾಸಿಗೆ ಇಳಿದರೂ ಚಿಂತೆಯಿಲ್ಲ. ಹಗಲು ಹ್ಯಾಲೊಜೆನ್ ದೀಪ ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಮನೆ ತೀರಾ ತಣ್ಣಗಾಗುವುದಾದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ. ಕೆಂಪು, ನೀಲಿ ಬಲ್ಬುಗಳು ಬೇಡ, ರಾತ್ರಿಯೆಂದರೆ ಹಾವಿಗೂ ಕತ್ತಲೆಯೇ. ಅಂಗಡಿಯಲ್ಲಿ ಮಾರುವ ಬಿಸಿಕಲ್ಲುಗಳನ್ನು ಮುಟ್ಟಬೇಡಿ. ಬೆಚ್ಚಗಿನ ನೆಲದ ಮೇಲೆ ಮಲಗಿದ ಹಾವು ಹೊಟ್ಟೆ ಸುಡುವವರೆಗೂ ಅಲ್ಲೇ ಇರುವುದುಂಟು, ಹೊಟ್ಟೆಯ ಹುರುಪೆಗಳು ಬೆಂದು ಬಂದ ಹಾವುಗಳು ನಮ್ಮ ಕೇಂದ್ರಕ್ಕೆ ಹೊಸದೇನಲ್ಲ.

ಯಾವ ಹೀಟರ್ ಇದ್ದರೂ ಥರ್ಮೋಸ್ಟಾಟ್ ಮೂಲಕವೇ ನಡೆಯಬೇಕು. ದುಡ್ಡು ಉಳಿಸಬೇಕೆಂದರೆ ಅಲಂಕಾರದ ಕಲ್ಲು, ಬಳ್ಳಿಗಳಲ್ಲಿ ಉಳಿಸಿ, ಥರ್ಮೋಸ್ಟಾಟ್‌ನಲ್ಲಿ ಬೇಡ. ಗಾಜಿಗೆ ಅಂಟಿಸುವ ಮುಳ್ಳಿನ ಮಾಪಕಗಳು ಸುಳ್ಳು ಹೇಳುತ್ತವೆ. ತಂತಿಯ ತುದಿಯಿರುವ ಡಿಜಿಟಲ್ ಮಾಪಕ ಎರಡು, ಬಿಸಿ ಬದಿಗೊಂದು ತಂಪು ಬದಿಗೊಂದು. ಜೊತೆಗೆ ಮೇಲ್ಮೈಯ ಬಿಸಿ ನೋಡಲು ಇನ್‌ಫ್ರಾರೆಡ್ ಗನ್ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಅಡಗುದಾಣಗಳೂ ಎರಡು ಬೇಕು, ಎರಡೂ ತುದಿಗಳಲ್ಲಿ. ಬಿಸಿಯಲ್ಲಿ ಮಾತ್ರ ಒಂದಿದ್ದರೆ, ಅಡಗಬೇಕೋ ತಣ್ಣಗಾಗಬೇಕೋ ಎಂಬ ಪ್ರಶ್ನೆ ಬಂದಾಗ ಹೆದರಿದ ಹಾವು ಅಡಗುವುದನ್ನೇ ಆರಿಸಿಕೊಂಡು ಬೇಯುತ್ತದೆ. ಅಡಗುದಾಣ ಇಕ್ಕಟ್ಟಾಗಿರಲಿ, ಮೈ ಮೂರು ಕಡೆ ತಾಗುವಂತಿರಲಿ. ನೆಲಕ್ಕೆ ಆಸ್ಪೆನ್ ಮರದ ಚೂರು ಮೂರು ನಾಲ್ಕು ಇಂಚು ಹಾಸಿ, ಕಾರ್ನ್ ಸ್ನೇಕ್‌ಗೆ ಅದರಲ್ಲಿ ಸುರಂಗ ಮಾಡುವುದೆಂದರೆ ಇಷ್ಟ. ಸೀಡರ್ ಚೂರು ಬೇಡವೇ ಬೇಡ, ಅದರ ಘಾಟಿನ ಎಣ್ಣೆ ಶ್ವಾಸಕ್ಕೆ ವಿಷ. ಹತ್ತಲು ಒಂದೆರಡು ಗಟ್ಟಿ ಕೊಂಬೆ, ಮೈ ಮುಳುಗುವಷ್ಟು ದೊಡ್ಡದಾದ, ಮಗುಚದ ನೀರಿನ ಬಟ್ಟಲು. ತೇವಾಂಶ ಶೇಕಡ 40ರಿಂದ 60 ಸಾಕು. ನೆನಪಿರಲಿ, ಒಂದು ಗೂಡಿಗೆ ಒಂದೇ ಹಾವು. ಒಂಟಿಯಾಗಿ ಬೇಸರವಾಗುತ್ತದೆಂದು ಜೊತೆ ತರುವುದು ನಮ್ಮ ಮನಸ್ಸಿನ ಆಟ. ಕಾರ್ನ್ ಸ್ನೇಕ್‌ಗಳು ಒಂದನ್ನೊಂದು ನುಂಗಿದ ಉದಾಹರಣೆಗಳಿವೆ.

ಕೇಂದ್ರದಲ್ಲಿ ಹಾವನ್ನು ನೋಡುವಾಗ

ಕೊನೆಯ ಬಾರಿ ಯಾವಾಗ ತಿಂದಿತು, ಹೆಪ್ಪುಗಟ್ಟಿದ ಇಲಿಯೋ ಜೀವಂತವೋ, ಎಷ್ಟು ದೊಡ್ಡದು, ಪೊರೆ ಯಾವಾಗ ಬಿಟ್ಟಿತು, ಈಗಿನ ತೂಕವೆಷ್ಟು, ಪಶುವೈದ್ಯರು ನೋಡಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಕೈಗೆ ತೆಗೆದುಕೊಳ್ಳಿ. ಆರೋಗ್ಯವಾದ ಹಾವು ಕೈಯಲ್ಲಿ ಮೆಲ್ಲಗೆ ಬಿಗಿದು ಹರಿಯುತ್ತದೆ, ನಾಲಿಗೆ ಚಾಚಿ ಗಾಳಿಯ ರುಚಿ ನೋಡುತ್ತಿರುತ್ತದೆ. ಹಗ್ಗದಂತೆ ಜೋತುಬಿದ್ದರೆ ಒಳ್ಳೆಯದಲ್ಲ. ಬೆನ್ನುಮೂಳೆ ಏಣಾಗಿ ಎದ್ದು ಕಂಡರೆ ಸೊರಗಿದೆ ಎಂದರ್ಥ. ಬಾಯಿಯ ಅಂಚಿನಲ್ಲಿ ಗುಳ್ಳೆ, ಲೋಳೆ ಇರಬಾರದು. ಕಿವಿಗೆ ಹತ್ತಿರ ಹಿಡಿದರೆ ಉಸಿರಾಟದಲ್ಲಿ ಚಿಟಿಚಿಟಿ ಸದ್ದು ಕೇಳಬಾರದು. ಹೊಟ್ಟೆಯ ಹುರುಪೆ ನಯವಾಗಿ, ಮಲದ್ವಾರದ ಸುತ್ತ ಶುಚಿಯಾಗಿ ಇರಬೇಕು. ಕಣ್ಣಿನ ಸುತ್ತ, ಗದ್ದದ ಕೆಳಗಿನ ಮಡಿಕೆಯಲ್ಲಿ ಗಸಗಸೆಯಷ್ಟು ಕಪ್ಪು ಚುಕ್ಕೆಗಳು ಸರಿದಾಡಿದರೆ ನುಸಿ ಬಿದ್ದಿದೆ. ಬಿಳಿಯ ಕಾಗದದ ಟವೆಲಿನಿಂದ ಮೈ ಒರೆಸಿ ನೋಡಿದರೆ ಬೇಗ ಗೊತ್ತಾಗುತ್ತದೆ.

ಸಣ್ಣಪುಟ್ಟ ದೋಷವಿರುವ ಹಾವನ್ನು ತೆಗೆದುಕೊಳ್ಳಬಾರದೆಂದಲ್ಲ. ಹಳೆಯ ಗಾಯದ ಕಲೆ, ತುಂಡಾದ ಬಾಲದ ತುದಿ ಏನೂ ಅಲ್ಲ. ಆದರೆ ಉಸಿರಾಟದ ತೊಂದರೆ, ಪದೇ ಪದೇ ಕಕ್ಕುವ ಕಾಯಿಲೆ ಇರುವ ಹಾವು ಹೊಸಬರಿಗೆ ಬೇಡ. ಕರುಣೆ ಉಕ್ಕಿದರೆ ಕೇಂದ್ರಕ್ಕೆ ಚಿಕಿತ್ಸೆಯ ಖರ್ಚಿಗೆ ಹಣ ಕೊಟ್ಟು ಬನ್ನಿ.

ಮನೆಗೆ ತರುವಾಗ ಗಟ್ಟಿ ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಕಾರು ಮೊದಲೇ ಬೆಚ್ಚಗಿರಲಿ, ದಾರಿಯಲ್ಲಿ ದಿನಸಿ ಅಂಗಡಿಗೆ ಇಳಿಯಬೇಡಿ. ಮನೆಯಲ್ಲಿ ಬೇರೆ ಸರೀಸೃಪವಿದ್ದರೆ ಹೊಸದನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿ ಇರಿಸಿ.

ಮೊದಲ ವಾರ: ಏನೂ ಮಾಡಬೇಡಿ

ಗೂಡಿಗೆ ಬಿಟ್ಟು, ನೀರು ಬದಲಿಸುವುದೊಂದನ್ನು ಬಿಟ್ಟರೆ ಒಂದು ವಾರ ಕೈ ಹಾಕಬೇಡಿ. ಮಕ್ಕಳಿಗೆ ಇದೇ ಕಠಿಣ ಪರೀಕ್ಷೆ. ಗೆಳೆಯರನ್ನು ಕರೆದು ತೋರಿಸುವುದು, ಫೋಟೊಗಾಗಿ ಅಡಗುದಾಣ ಎತ್ತುವುದು ಎಲ್ಲ ಮುಂದಕ್ಕೆ ಹೋಗಲಿ. ಹಾವು ದಿನವಿಡೀ ಕಾಣಿಸದಿದ್ದರೆ ಎಲ್ಲವೂ ಸರಿಯಾಗಿದೆ ಎಂದೇ ತಿಳಿಯಿರಿ. ಗಾಜಿಗೆ ಮೂತಿ ಉಜ್ಜುತ್ತ ಬಿಡುವಿಲ್ಲದೆ ಓಡಾಡುತ್ತಿದ್ದರೆ ಮಾತ್ರ ಬಿಸಿ ಹೆಚ್ಚಾಗಿದೆಯೇ, ಅಡಗಲು ಜಾಗ ಸಾಲದೇ ಎಂದು ಪರೀಕ್ಷಿಸಿ.

ಊಟ

ವಾರ ಕಳೆದ ಮೇಲೆ ಮೊದಲ ಇಲಿ. ಇಲಿಯ ದಪ್ಪ ಹಾವಿನ ನಡುವಿನ ದಪ್ಪದಷ್ಟೇ ಇರಲಿ, ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ. ಮರಿಗಳಿಗೆ ರೋಮ ಬಾರದ ಎಳೆಯ ಇಲಿ, ಐದರಿಂದ ಏಳು ದಿನಕ್ಕೊಮ್ಮೆ. ಬೆಳೆದ ಹಾವಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ವಯಸ್ಕ ಇಲಿ. ಇಡೀ ಇಲಿಯಲ್ಲಿ ಬೇಕಾದದ್ದೆಲ್ಲ ಇರುವುದರಿಂದ ಬೇರೆ ಪುಡಿ, ಟಾನಿಕ್‌ಗಳ ಅಗತ್ಯವಿಲ್ಲ. ಬಂದವರಿಗೆ ಹೊಟ್ಟೆ ಬಿರಿಯುವಷ್ಟು ಬಡಿಸುವುದು ನಮ್ಮ ಪದ್ಧತಿ. ಆ ಉಪಚಾರ ಇಲ್ಲಿ ಬೇಡ. ಸಾಕಿದ ಕಾರ್ನ್ ಸ್ನೇಕ್‌ಗಳಿಗೆ ಹಸಿವಿಗಿಂತ ಬೊಜ್ಜು ಹೆಚ್ಚಿನ ಅಪಾಯ. ಬಾಗಿದಾಗ ಹುರುಪೆಗಳ ನಡುವೆ ಚರ್ಮ ಕಾಣುವಷ್ಟು ಮೈ ಬಂದಿದ್ದರೆ ಊಟದ ನಡುವಿನ ಅಂತರ ಹೆಚ್ಚಿಸಿ.

ಜೀವಂತ ಇಲಿ ಬೇಡ. ಇಲಿಗೂ ಅದು ಹಿಂಸೆ, ಹಾವಿಗೂ ಅಪಾಯ. ಮೂಲೆಗೆ ಸಿಕ್ಕಿದ ಇಲಿ ಕಚ್ಚುತ್ತದೆ, ಹಸಿವಿಲ್ಲದ ಹಾವಿನ ಜೊತೆ ರಾತ್ರಿ ಬಿಟ್ಟರೆ ಹಾವಿನ ಬೆನ್ನನ್ನೇ ಕೊರೆದು ತಿಂದಿರುವುದುಂಟು.

ಹೆಪ್ಪುಗಟ್ಟಿದ ಇಲಿಯನ್ನು ಹಿಂದಿನ ರಾತ್ರಿ ಮುಚ್ಚಿದ ಚೀಲದಲ್ಲಿ ಫ್ರಿಜ್‌ಗೆ ಇಳಿಸಿ ಮೆತ್ತಗಾಗಲು ಬಿಡಿ. ಅಡುಗೆಯ ಫ್ರಿಜ್ ಒಪ್ಪಿಗೆಯಿಲ್ಲದವರು ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ ಕರಗಿಸಬಹುದು. ಕೊಡುವ ಮುನ್ನ ಅದೇ ಚೀಲವನ್ನು ಬಿಸಿನೀರಿನಲ್ಲಿ ಹದಿನೈದು ನಿಮಿಷ ಇಟ್ಟರೆ ಇಲಿಗೆ ಜೀವಂತ ಇಲಿಯ ಮೈಬಿಸಿ ಬರುತ್ತದೆ. ಒಳಗೆ ಗಡ್ಡೆ ಉಳಿದಿದೆಯೇ ಎಂದು ಹೊಟ್ಟೆ ಒತ್ತಿ ನೋಡಿ. ಮೈಕ್ರೋವೇವ್ ಬೇಡ, ಇಲಿ ಸಿಡಿಯುತ್ತದೆ, ಆ ದಿನದ ಮೇಲೆ ಆ ಮನೆಯಲ್ಲಿ ಹಾವಿನ ಪರವಾಗಿ ಮಾತಾಡುವವರು ಯಾರೂ ಉಳಿಯುವುದಿಲ್ಲ. ಉದ್ದನೆಯ ಇಕ್ಕಳದಲ್ಲಿ ಬಾಲವೋ ಸೊಂಟವೋ ಹಿಡಿದು, ಸಂಜೆ ದೀಪ ಆರಿದ ಮೇಲೆ ಹಾವಿನ ಮುಂದೆ ಮೆಲ್ಲಗೆ ಆಡಿಸಿ. ಕೈಯಿಂದ ಕೊಟ್ಟರೆ ಹಾವಿಗೆ ಇಲಿಯ ವಾಸನೆಗೂ ನಿಮ್ಮ ಬೆರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದು ಹಿಡಿದು ಸುತ್ತಿಕೊಂಡ ಮೇಲೆ ದೂರ ಸರಿಯಿರಿ.

ತಿಂದ ಮೇಲೆ 48 ಗಂಟೆ ಮುಟ್ಟಬೇಡಿ. ಶಾಖವಿದ್ದರೆ ಮಾತ್ರ ಹಾವಿನ ಹೊಟ್ಟೆ ಕೆಲಸ ಮಾಡುತ್ತದೆ. ಆ ಎರಡು ದಿನಗಳಲ್ಲಿ ಗೂಡು ತಣ್ಣಗಾದರೆ ನುಂಗಿದ್ದು ಒಳಗೇ ಕೊಳೆತು, ಹಾವು ಅದನ್ನು ಕಕ್ಕುತ್ತದೆ. ಕಕ್ಕಿದರೆ ಹಸಿದಿದೆಯೆಂದು ಮರುದಿನವೇ ಇನ್ನೊಂದು ಕೊಡುವುದು ದೊಡ್ಡ ಪ್ರಮಾದ. ಎರಡು ವಾರ ಹೊಟ್ಟೆಗೆ ಬಿಡುವು ಕೊಟ್ಟು, ಉಷ್ಣಾಂಶ ಸರಿಪಡಿಸಿ, ಅರ್ಧ ಗಾತ್ರದ ಇಲಿಯಿಂದ ಶುರುಮಾಡಿ. ಎರಡನೆಯ ಬಾರಿಯೂ ಕಕ್ಕಿದರೆ ಪಶುವೈದ್ಯರ ಬಳಿ ಹೋಗಬೇಕು.

ಒಮ್ಮೆ ತಿನ್ನದಿದ್ದರೆ ಗಾಬರಿ ಬೇಡ. ಪೊರೆ ಬಿಡುವ ಮುನ್ನ, ಹೊಸ ಮನೆಗೆ ಬಂದಾಗ, ಗಂಡು ಹಾವಾದರೆ ವಸಂತದಲ್ಲಿ ಊಟ ಬಿಡುವುದು ಸಹಜ. ತೂಕ ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಹಾವಿಗೆಂದೇ ಒಂದು ಡಿಜಿಟಲ್ ತಕ್ಕಡಿ ಇಟ್ಟು ತಿಂಗಳಿಗೊಮ್ಮೆ ತೂಗಿ, ದಿನಾಂಕದೊಂದಿಗೆ ಬರೆದಿಡಿ.

ಪೊರೆ

ಕಣ್ಣು ನೀಲಿ ಹಾಲಿನಂತೆ ಮಸುಕಾಗಿ, ಮೈಬಣ್ಣ ಮಂಕಾದರೆ ಪೊರೆ ಬಿಡುವ ಕಾಲ ಹತ್ತಿರವಾಗಿದೆ. ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಸಿಡುಕು ಹೆಚ್ಚು, ಎತ್ತಿಕೊಳ್ಳಬೇಡಿ. ಒಂದು ಡಬ್ಬಿಗೆ ತೂತು ಕೊರೆದು ಒದ್ದೆ ಪಾಚಿ ತುಂಬಿ ಗೂಡಿನ ನಡುವೆ ಇಟ್ಟರೆ ಹಾವು ತಾನೇ ಹೋಗಿ ಕೂರುತ್ತದೆ. ಪೊರೆ ಒಂದೇ ತುಂಡಾಗಿ, ಕಾಲುಚೀಲ ಬಿಚ್ಚಿದಂತೆ ತಿರುವುಮುರುವಾಗಿ ಬರಬೇಕು. ಅದನ್ನು ಬಿಡಿಸಿ, ಎರಡು ಕಣ್ಣುಗಳ ಮೇಲಿನ ಪಾರದರ್ಶಕ ಬಿಲ್ಲೆಗಳೂ ಬಾಲದ ತುದಿಯೂ ಬಂದಿವೆಯೇ ನೋಡಿ. ಚೂರು ಚೂರಾಗಿ ಬಂದರೆ ತೇವಾಂಶ ಸಾಲದು. ಕಣ್ಣಿನ ಬಿಲ್ಲೆ ಉಳಿದರೆ ಕೀಳಲು ಹೋಗಬೇಡಿ, ತೇವಾಂಶ ಹೆಚ್ಚಿಸಿ ಮುಂದಿನ ಪೊರೆಗೆ ಕಾಯಿರಿ, ಆಗಲೂ ಬರದಿದ್ದರೆ ವೈದ್ಯರು ತೆಗೆಯುತ್ತಾರೆ.

ಎತ್ತಿಕೊಳ್ಳುವುದು, ಕೈ ತೊಳೆಯುವುದು

ಒಂದೆರಡು ಊಟ ನೆಮ್ಮದಿಯಾಗಿ ಆದ ಮೇಲೆ ವಾರಕ್ಕೆ ಎರಡು ಮೂರು ಸಲ, ಐದು ನಿಮಿಷದಿಂದ ಆರಂಭಿಸಿ. ಮುಟ್ಟುವ ಮೊದಲೂ ಕೈ ತೊಳೆಯಿರಿ, ಬೆರಳಿನಲ್ಲಿ ಚಿಕನ್ನಿನದೋ ಇಲಿಯದೋ ವಾಸನೆ ಇರಬಾರದು. ಮಲಗಿರುವ ಹಾವಿನ ಮೈಯನ್ನು ಒಂದು ಕಡ್ಡಿಯಿಂದ ಮೃದುವಾಗಿ ಸವರಿದರೆ ಇದು ಊಟವಲ್ಲ ಎಂದು ಅದಕ್ಕೆ ಕ್ರಮೇಣ ತಿಳಿಯುತ್ತದೆ. ಬದಿಯಿಂದ ಕೈ ತಂದು, ಮೈಯ ನಡುಭಾಗಕ್ಕೆ ಎರಡು ಕೈಗಳ ಆಸರೆ ಕೊಟ್ಟು ಎತ್ತಿ. ತಲೆ ಹಿಡಿಯಬೇಡಿ, ಬಾಲದಿಂದ ನೇತಾಡಿಸಬೇಡಿ. ಶಿವನ ವೇಷ ಹಾಕಿಸಿ ಮಗುವಿನ ಕೊರಳಿಗೆ ಸುತ್ತಿ ಫೋಟೊ ತೆಗೆಯುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ, ಬಿಟ್ಟುಬಿಡಿ. ಕಚ್ಚಿದರೂ ಕಾರ್ನ್ ಸ್ನೇಕ್‌ನ ಕಡಿತ ಸೂಜಿ ಗೀರಿದಷ್ಟೇ. ಸೋಪಿನಿಂದ ತೊಳೆದರೆ ಸಾಕು, ಬೆಚ್ಚಿ ಕೈ ಎಳೆದರೆ ಅದರ ಹಲ್ಲು ಮುರಿಯುತ್ತದೆ.

ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯುವುದರಲ್ಲಿ ರಿಯಾಯಿತಿ ಇಲ್ಲ. ಹಾವಿನ ಬಟ್ಟಲು, ಇಕ್ಕಳಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮಲವನ್ನು ಕಂಡ ಕೂಡಲೇ ತೆಗೆದು, ಹಾಸನ್ನು ಒಂದೆರಡು ತಿಂಗಳಿಗೊಮ್ಮೆ ಪೂರ್ತಿ ಬದಲಿಸಿ.

ಕಾಯಿಲೆ ಬಂದರೆ

ನಾಯಿ ಬೆಕ್ಕಿನ ಎಲ್ಲ ವೈದ್ಯರೂ ಹಾವನ್ನು ನೋಡುವುದಿಲ್ಲ. ಸರೀಸೃಪ ಮತ್ತು ಉಭಯಚರ ಪಶುವೈದ್ಯರ ಸಂಘದ ಜಾಲತಾಣದಲ್ಲಿ ಊರುವಾರು ವೈದ್ಯರ ಪಟ್ಟಿ ಇದೆ. ಹಾವು ತರುವ ಮುನ್ನವೇ ಹತ್ತಿರದವರ ಸಂಖ್ಯೆ ಗುರುತು ಹಾಕಿಕೊಳ್ಳಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ತಲೆ ಮೇಲಕ್ಕೆತ್ತಿಯೇ ಇರುವುದು ಶ್ವಾಸಕೋಶದ ಸೋಂಕಿನ ಗುರುತು. ಇದಕ್ಕೆ ಔಷಧಿ ವೈದ್ಯರಿಂದಲೇ ಆಗಬೇಕು, ಅರಿಸಿನ, ತುಳಸಿಯಿಂದ ಆಗದು. ಇದರ ಬೇರು ಬಹಳ ಸಲ ತಣ್ಣಗಿನ, ಒದ್ದೆಯಾದ ಗೂಡಿನಲ್ಲಿರುತ್ತದೆ. ನೀರಿನ ಬಟ್ಟಲಿನಲ್ಲೇ ದಿನಗಟ್ಟಲೆ ಕುಳಿತಿದ್ದರೆ ನುಸಿಯೋ ಸೆಕೆಯೋ ಇರಬೇಕು. ಹೊಟ್ಟೆಯ ನಡುಭಾಗ ಊದಿಕೊಂಡು ಊಟ ಕಕ್ಕುತ್ತಿದ್ದರೆ ತಡಮಾಡಬೇಡಿ.

ತಪ್ಪಿಸಿಕೊಂಡರೆ

ಆ ಕೋಣೆಯ ಬಾಗಿಲು ಮುಚ್ಚಿ ಸಂದಿಗೆ ಟವೆಲ್ ತುರುಕಿ. ಹಾವು ಸಾಮಾನ್ಯವಾಗಿ ಗೋಡೆಯಂಚಿನಲ್ಲಿ ಸಾಗಿ ಬೆಚ್ಚಗಿನ ಇಕ್ಕಟ್ಟು ಹುಡುಕುತ್ತದೆ: ಫ್ರಿಜ್ಜಿನ ಹಿಂದೆ, ಸೋಫಾದ ಒಳಗೆ, ಪುಸ್ತಕಗಳ ಹಿಂದೆ. ಬಾಗಿಲ ಬಳಿ ಹಿಟ್ಟು ಉದುರಿಸಿದರೆ ಜಾಡು ಸಿಗುತ್ತದೆ. ಮನೆ ಕತ್ತಲಾಗಿ ಒಂದೆರಡು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ನೋಡಿ. ಕೆಳಗಿನ ಮನೆಯವರಿಗೂ ತಿಳಿಸಿ, ಇಲ್ಲದಿದ್ದರೆ ಅವರು ಮೊದಲು ಕಂಡು ಪೊಲೀಸರಿಗೆ ಫೋನ್ ಮಾಡುತ್ತಾರೆ.

ಊರಿಗೆ ಹೊರಟಾಗ

ನಮ್ಮವರ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಬೇಸಿಗೆಯಲ್ಲೋ ಡಿಸೆಂಬರಿನಲ್ಲೋ ಬೆಂಗಳೂರಿಗೆ, ಅಲ್ಲಿಂದ ಹಳ್ಳಿಗೆ, ನಡುವೆ ಒಂದು ಮದುವೆ, ಐದಾರು ವಾರ ಹೀಗೆ ಕಳೆದುಹೋಗುತ್ತದೆ. ಬೆಳೆದ ಹಾವು ಎರಡು ವಾರ ಊಟವಿಲ್ಲದೆ ನಿಶ್ಚಿಂತೆಯಾಗಿ ಇರುತ್ತದೆ, ನೀರಿಲ್ಲದೆ, ಶಾಖವಿಲ್ಲದೆ ಇರಲಾರದು. ಹೊರಡುವ ಮುನ್ನಾದಿನ ಊಟ ಕೊಡಬೇಡಿ. ನೀವು ವಿಮಾನದಲ್ಲಿರುವಾಗ ಕರೆಂಟು ಹೋಗಿ ಹೊಟ್ಟೆಯಲ್ಲಿದ್ದದ್ದು ಕೊಳೆತರೆ ನೋಡುವವರಿರುವುದಿಲ್ಲ. ನಾಲ್ಕೈದು ದಿನ ಮುಂಚೆ ಕೊಟ್ಟು ಮುಗಿಸಿ. ಎರಡು ದಿನಕ್ಕೊಮ್ಮೆ ಬಂದು ನೀರು ಬದಲಿಸಿ ಮಾಪಕದ ಚಿತ್ರ ಕಳಿಸುವ ಒಬ್ಬರನ್ನು ಗೊತ್ತುಮಾಡಿ. ಅವರು ಹಾವು ಮುಟ್ಟಬೇಕಾಗಿಲ್ಲ. ಎರಡು ವಾರ ಮೀರಿದರೆ ಇಲಿ ಹಾಕಬಲ್ಲವರೇ ಬೇಕು. ಕನ್ನಡ ಕೂಟದಲ್ಲಿ ಕೇಳಿದರೆ ನಾಯಿ ನೋಡಿಕೊಳ್ಳಲು ಹತ್ತು ಕೈ ಏಳುತ್ತವೆ, ಇದಕ್ಕೆ ಒಂದು ಎದ್ದರೆ ಪುಣ್ಯ. ಆಗ ಸರೀಸೃಪಗಳನ್ನು ಇರಿಸಿಕೊಳ್ಳುವ ಪಶುವೈದ್ಯಶಾಲೆ ಅಥವಾ ನೀವು ದತ್ತು ಪಡೆದ ಕೇಂದ್ರವನ್ನೇ ವಿಚಾರಿಸಿ, ಕೆಲವು ಕಡೆ ದಿನಕ್ಕಿಷ್ಟು ಎಂದು ಶುಲ್ಕ ಪಡೆದು ನೋಡಿಕೊಳ್ಳುತ್ತಾರೆ.

ಚಳಿಗಾಲದ ಬಿರುಗಾಳಿಗೆ ಕರೆಂಟು ಹೋದಾಗ ಮಾಡಬೇಕಾದದ್ದನ್ನು ಆ ನೋಡಿಕೊಳ್ಳುವವರಿಗೆ ಒಂದು ಹಾಳೆಯಲ್ಲಿ ಬರೆದು ಗೂಡಿಗೆ ಅಂಟಿಸಿ: ಗೂಡಿಗೆ ಕಂಬಳಿ ಹೊದಿಸಿ, ಗಾಳಿಗೆ ಸಂದಿ ಬಿಡುವುದು, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ತುದಿಯಲ್ಲಿ ಇಡುವುದು, ಕರೆಂಟು ಮರಳಿದ ಮೇಲೆ ಥರ್ಮೋಸ್ಟಾಟ್ ಹಳೆಯ ಸಂಖ್ಯೆಗೇ ಬಂದಿದೆಯೇ ನೋಡುವುದು. ಹಾಳೆಯ ಕೆಳಗೆ ಪಶುವೈದ್ಯರ ಸಂಖ್ಯೆ, ಕೊನೆಯ ಊಟದ ದಿನಾಂಕ, ಹಾವಿನ ತೂಕ. ಮುಂದೆಂದಾದರೂ ಸಾಕಲಾಗದೆ ಹಾವನ್ನು ಮರಳಿ ಒಪ್ಪಿಸಬೇಕಾಗಿ ಬಂದರೆ ಇದೇ ಹಾಳೆಯನ್ನೂ ತೂಕದ ಪುಸ್ತಕವನ್ನೂ ಜೊತೆಗೆ ಕೊಡಿ. ನಮಗೆ ಸಿಗುವ ಹಾವುಗಳಲ್ಲಿ ಇವೆರಡೂ ಇರುವುದು ಬಹಳ ಕಡಿಮೆ, ಇದ್ದ ಹಾವಿಗೆ ಮನೆ ಬೇಗ ಸಿಗುತ್ತದೆ.